ಒಳನೀರು ಕಲಿಸಿದ ಡ್ರಿಲ್ ಮೇಷ್ಟ್ರು

ನಮ್ಮ ಡ್ರಿಲ್ ಮೇಷ್ಟ್ರ ಎಡಗಿವಿಯಲ್ಲಿ ಸದಾ ಎಣ್ಣೆಯಲ್ಲಿ ಅದ್ದಿದ ಹತ್ತಿ ಇರುತ್ತಿತ್ತು. ಹರೆಯದಲ್ಲಿ ನೀರಿನಡಿ ಈಜಿ ಈಜಿ ಕೆಟ್ಟ ಕಿವಿ ಅದು. ಮೈಸೂರಿನ ಪಂದ್ಯವೊಂದರಲ್ಲಿ ಕೊಳಕ್ಕೆ ಹಾರಿದವರು ಒಳಗೊಳಗೇ ಕಪ್ಪೆ ಈಜು ಹೊಡೆದು, ಎದುರು ಗೋಡೆಯ ಹತ್ತಿರ ತಲೆಯೆತ್ತಿ ಗೆದ್ದಿದ್ದರಂತೆ. ಆ ವಿದ್ಯೆಯನ್ನು ಯಾರಿಗಾದರೂ ದಾಟಿಸುವ ಹಟ ಅವರಿಗೆ. ಸಾಲಿಗ್ರಾಮದ ಹೈಸ್ಕೂಲಿನಲ್ಲಿ ಸಿಕ್ಕಿದವಳು ನಾನು.

ಬಟ್ಟೆ ಅಂಗಡಿಯ ನನ್ನಪ್ಪ ಒಂದೇ ಪಂದ್ಯಕ್ಕೆ ಒಪ್ಪಿದ್ದರು. ಗೆದ್ದರೆ ಮುಂದಿನ ಪಂದ್ಯಕ್ಕೆ ಬೆಂಗಳೂರು, ಸೋತರೆ ಮದುವೆ.

ಎರಡು ವರ್ಷ ದಿನಾ ಬೆಳಿಗ್ಗೆ ಮೇಷ್ಟ್ರು, ತಮ್ಮ ಹೆಂಡತಿಯನ್ನು ದಡದಲ್ಲಿ ಕೂರಿಸಿ, ಕಾವೇರಿಯಲ್ಲಿ ನನಗೆ ಉಸಿರು ಹಿಡಿಯುವುದನ್ನು ಕಲಿಸಿದರು. "ಮೇಲ್ಗಡೆ ನೀರು ತಳ್ತದೆ ಕಣವ್ವ, ಒಳಗಡೆ ದಾರಿ ಬುಡ್ತದೆ" ಎನ್ನುತ್ತಿದ್ದರು.

ಮೈಸೂರಿನ ಪಂದ್ಯದಲ್ಲಿ ಕೊಳಕ್ಕೆ ಹಾರಿದೆ. ಎದೆ ಉರಿಯುವವರೆಗೂ ಮೇಲೇಳಲಿಲ್ಲ. ಗೋಡೆ ಮುಟ್ಟಿದಾಗ ಉಳಿದವರು ಇನ್ನೂ ದೂರದಲ್ಲಿದ್ದರು. ಆದರೆ ತೀರ್ಪುಗಾರರು ನನ್ನ ಹೆಸರು ಹೊಡೆದುಹಾಕಿದರು. ಕಪ್ಪೆ ಈಜಿನಲ್ಲಿ ಹಾರಿದ ಮೇಲೆ ನೀರಿನಡಿ ಕೈ ಒಂದು ಸಲ, ಕಾಲು ಒಂದು ಸಲ. ಆಮೇಲೆ ತಲೆ ಹೊರಗೆ ಬರಲೇಬೇಕು.

"ಯಾವಾಗಿಂದ ಸ್ವಾಮಿ?" ಮೇಷ್ಟ್ರು ಕೇಳಿದರು.

"ರೂಲು ಬದಲಾಗಿ ಎಷ್ಟೋ ವರ್ಷ ಆಯ್ತಲ್ರೀ. ಕಲಿಸೋರಿಗೇ ಗೊತ್ತಿಲ್ವಾ?"

ಮೇಷ್ಟ್ರು ಒದ್ದೆ ಟವೆಲನ್ನು ಮಡಿಸುತ್ತಲೇ ನಿಂತರು.

ಮರುದಿನ ನಮ್ಮಂಗಡಿಗೆ ಬಂದು ಕೈಮುಗಿದರು. "ತಪ್ಪು ನಂದು ಯಜಮಾನ್ರೇ. ಇನ್ನೊಂದು ವರ್ಷ ಕೊಡಿ."

"ಸಾಕು ಬುಡಿ ಮೇಷ್ಟ್ರೇ. ಗಂಡು ಗೊತ್ತಾಗೈತೆ" ಎಂದು ಅಪ್ಪ ಬಟ್ಟೆ ಅಳೆಯತೊಡಗಿದರು.

ನಾನು ಹಂಪಾಪುರದ ಸೊಸೆಯಾದೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಮೇಷ್ಟ್ರು ಹುಡುಕಿಕೊಂಡು ಬಂದರು. ಯಾರಿಗೋ ಕಾಗದ ಬರೆದು ಹೊಸ ರೂಲುಗಳನ್ನೆಲ್ಲ ತರಿಸಿಕೊಂಡಿದ್ದರು. ಜಗಲಿಯ ಮೇಲೆ ನಿಂತು ಗಾಳಿಯಲ್ಲೇ ಒಂದು ಸಲ ಕೈ ಎಳೆದು, ತಲೆಯೆತ್ತಿ ತೋರಿಸಿದರು. "ಇಷ್ಟೇ ಕಣವ್ವ. ಈಗಾದ್ರೆ ಸರಿಯಾಗಿ ಕಲಿಸ್ತಿದ್ದೆ." ಆಮೇಲೆ ನನ್ನ ತುಂಬಿದ ಹೊಟ್ಟೆಯತ್ತ ಕಣ್ಣು ಹೋಗಿ ಕೈ ಇಳಿಸಿದರು. ಕಲಿಯಲು ಬೇರೆ ಯಾರೂ ಬಂದಿರಲಿಲ್ಲ. ಇನ್ನು ಬರುವವರೂ ಇರಲಿಲ್ಲ.

ನನ್ನ ಮಗಳು ನಡೆಯುವ ಮೊದಲೇ ಅವರು ತೀರಿಕೊಂಡರು. ತಪ್ಪು ನಿಮ್ಮದಲ್ಲ ಮೇಷ್ಟ್ರೇ ಎಂದು ಅಂದು ಜಗಲಿಯಲ್ಲಿ ನಾನು ಹೇಳಬಹುದಿತ್ತು. ಅವರು ಅದನ್ನೇ ಕಾಯುತ್ತಿದ್ದರೇನೋ. ನಾನು ಹೇಳಲಿಲ್ಲ. ಆಗ ನನಗೂ ತಪ್ಪು ಅವರದೇ ಅನಿಸಿತ್ತು.