ರಿಕ್ಷಾದಲ್ಲಿ ಹಿಡಿಸುವ ಪೆಟ್ಟಿಗೆ

ಶಿವಕಾಂತಾ ಬೇಸ್ ಗಿಟಾರ್ ಬಾರಿಸುತ್ತಾಳೆಂದರೆ ಮರಾಠಿ ಸೀಮೆಯ ಭೋಸರಿಯ ಜನ ಮೊದಲು ಅವಳ ಮುಖ ನೋಡುತ್ತಿದ್ದರು. ಆಮೇಲೆ ಗಿಟಾರ್ ನೋಡಿ, ನಾಲ್ಕೇ ತಂತಿ, ಇನ್ನೆರಡು ಎಲ್ಲಿ ಹೋದವು ಎಂದು ಕೇಳುತ್ತಿದ್ದರು. ಉತ್ತರ ಕೊಟ್ಟು ಕೊಟ್ಟು ಅವಳಿಗೆ ಸಾಕಾಗಿತ್ತು. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಶಂಕ್ರೆಪ್ಪನ ಮಗಳು. ಹಗಲು ಕಾರ್ಖಾನೆಯಲ್ಲಿ ಬೋಲ್ಟುಗಳ ಅಳತೆ ತಪಾಸಣೆ, ಬಿಡುವಾದಾಗ ಮುರುಗೆಪ್ಪನ ಆರ್ಕೆಸ್ಟ್ರಾ. ಮದುವೆಮನೆಯ ಅರಿಶಿನ, ವಸತಿ ಸೊಸೈಟಿಯ ಪೂಜೆ, ಕರೆದಲ್ಲಿಗೆಲ್ಲ ಹೋಗುವ ತಂಡ ಅದು.

2001ರಲ್ಲಿ ಮುರುಗೆಪ್ಪ ತಂಡದ ಕೀಬೋರ್ಡ್ ವಾದಕ ಕುಶಲನಿಗೆ ಹೊಸ ಕೀಬೋರ್ಡ್ ತಂದ. ಎಡಗೈಯೊಂದರಿಂದಲೇ ಅದರಲ್ಲಿ ಬೇಸಿನ ತಗ್ಗು ಸ್ವರಗಳನ್ನು ಬಾರಿಸಬಹುದಿತ್ತು. ಶಿವಕಾಂತಾಳ ಗಿಟಾರಿನ ಸದ್ದು ಹೊರಡುತ್ತಿದ್ದ, ಎದೆಮಟ್ಟದ ಹಳೆಯ ಸ್ಪೀಕರ್ ಪೆಟ್ಟಿಗೆಯನ್ನು ಆತ ಯಾರನ್ನೂ ಕೇಳದೆ ಮಾರಿಬಿಟ್ಟ.

"ಟೆಂಪೋದಾಗ ಜಾಗಾ ಇಲ್ಲ ತಂಗಿ. ಕುಶಲನ ಎಡಗೈ ಖಾಲಿನ ಅದ, ಅವನ ಬಾರಸ್ತಾನ. ನೀ ಕೋರಸ್ಸಿನಾಗ ನಿಂದ್ರು."

"ನಾ ಹಾಡ್ಲಾಕ ಬಂದಿಲ್ರಿ ಅಣ್ಣಾ. ಪೆಟ್ಟಿಗಿ ನಾ ತರ್ತೀನಿ, ರಿಕ್ಷಾದಾಗ."

"ತಾ. ಆದ್ರ ಮೈದಾನದ ಕೊನೀತನಕ ಕೇಳಬೇಕು. ಕೇಳಲಿಲ್ಲಂದ್ರ ಮುಂದ ಮಾತಿಲ್ಲ."

ಬುಧವಾರ ಪೇಟೆ ಎಂಬ ಬಡಾವಣೆಯ ಅವಧೂತನ ಸ್ಪೀಕರ್ ಅಂಗಡಿಯಿಂದ ಶಿವಕಾಂತಾ ಒಂದು ಪುಟ್ಟ ಪೆಟ್ಟಿಗೆಯನ್ನು ಪರೀಕ್ಷೆಗೆಂದು ತಂದಳು. ಅಂಗಡಿಯಲ್ಲಿ ಅದು ಗುಡುಗಿತ್ತು. ಮನೆಯಲ್ಲಿ ಒಂದು ತಂತಿ ಮೀಟಿದ್ದೇ ಗೂಡಿನ ಡಬ್ಬಿಗಳೆಲ್ಲ ಅದುರಿ, ತಾಯಿ ಸಾಬವ್ವ, "ಸಾಕು ಮಾಡವಾ" ಎಂದು ಕಿವಿ ಮುಚ್ಚಿಕೊಂಡಳು. ಆದರೆ ದಿಘಿಯ ಮೈದಾನದ ಕಾರ್ಯಕ್ರಮದಲ್ಲಿ ಅದೇ ಪೆಟ್ಟಿಗೆಯ ಸದ್ದು ಎರಡನೇ ಸಾಲಿನ ಕುರ್ಚಿಯನ್ನೂ ಮುಟ್ಟಲಿಲ್ಲ. ಯಾರೂ ಹೇಳುವ ಮೊದಲೇ ಕುಶಲನ ಎಡಗೈ ಕೀಬೋರ್ಡಿನ ಮೇಲೆ ಇಳಿಯಿತು. ಶಿವಕಾಂತಾಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಆ ಉರಿಯಲ್ಲಿ ಅರ್ಧ ಅವಳ ಮೇಲೆಯೇ. ಬೋಲ್ಟನ್ನು ಅದು ಕೂರುವ ಜಾಗಕ್ಕೇ ಹಾಕಿ ನೋಡಬೇಕೆಂದು ಹೊಸಬರಿಗೆಲ್ಲ ಪಾಠ ಹೇಳುವವಳು, ಬಯಲಿನ ಪೆಟ್ಟಿಗೆಯನ್ನು ಹತ್ತು ಅಡಿಯ ಕೋಣೆಯಲ್ಲಿ ಕೇಳಿ ಒಪ್ಪಿಕೊಂಡಿದ್ದಳು.

ಮುರುಗೆಪ್ಪ ಇನ್ನೊಂದೇ ಅವಕಾಶ ಕೊಟ್ಟ. ಶುಕ್ರವಾರ ಭೋಸರಿಯ ಕಾರ್ಖಾನೆಗಳಿಗೆ ವಾರದ ರಜೆ. ರಿಕ್ಷಾದ ಬಾಗಿಲಗಲಕ್ಕೆ ಗಂಟು ಹಾಕಿದ ದಾರವೊಂದನ್ನು ಹಿಡಿದು ಅವಳು ಮತ್ತೆ ಅಂಗಡಿಗೆ ಹೋದಳು. ದಾರಕ್ಕಿಂತ ಅಗಲವಾದ ಪೆಟ್ಟಿಗೆಗಳನ್ನು ಮುಟ್ಟಲೂ ಇಲ್ಲ. ಉಳಿದದ್ದು ನಾಲ್ಕು. ಅವನ್ನು ರಸ್ತೆಗೆ ತಂದು ಬಾರಿಸಿ ನೋಡಬೇಕೆಂದಾಗ ಅವಧೂತ ಮರಾಠಿಯಲ್ಲಿ, ಇದೆಲ್ಲ ನಿಮಗೆ ತಿಳಿಯುವುದಿಲ್ಲ, ಮನೆಯ ಗಂಡಸರನ್ನು ಕರೆದುಕೊಂಡು ಬನ್ನಿ ಎಂದ.

ಗಂಡಸರಿಗೆ ಮೂರನೇ ಕಿವಿ ಇರುತ್ತದೆಯೇ ಎಂದು ಅವಳೂ ಮರಾಠಿಯಲ್ಲೇ ಕೇಳಿದಳು. ಕೇಳಿ ಸುಮ್ಮನಿರಲಿಲ್ಲ, ಮೊದಲ ಪೆಟ್ಟಿಗೆಯನ್ನು ತಾನೇ ದರದರ ಎಳೆದು ಮೆಟ್ಟಿಲ ಮೇಲಿಟ್ಟಳು. ತಂದಿದ್ದ ಗಿಟಾರನ್ನು ಅವಧೂತನ ಕೈಗೆ ತುರುಕಿ, ದಪ್ಪ ತಂತಿಯನ್ನು ಮೀಟುತ್ತಲೇ ಇರಲು ಹೇಳಿ, ಸದ್ದು ಎಲ್ಲಿಯವರೆಗೆ ಬರುತ್ತದೆಂದು ಕೇಳುತ್ತ ರಸ್ತೆಗುಂಟ ಹೊರಟಳು. ಮೊದಲನೆಯದರ ಸದ್ದು ಮೂರನೇ ಅಂಗಡಿಗೇ ಸತ್ತಿತು. ಎರಡನೆಯದು ಬರೀ ಗುಂಯ್‌ಗುಟ್ಟಿತು, ಸ್ವರ ತಿಳಿಯಲಿಲ್ಲ. ಮೂರನೆಯದು ರಸ್ತೆ ದಾಟಲಿಲ್ಲ. ನಾಲ್ಕನೆಯದು ಮೊಣಕಾಲೆತ್ತರದ್ದು, ಒಳಗೆ ಹತ್ತು ಇಂಚಿನ ಎರಡು ಸ್ಪೀಕರು. ಅಂಗಡಿಯೊಳಗೆ ಅದರ ದನಿ ಒಣಕಲಾಗಿ ಕೇಳಿತ್ತು. ರಸ್ತೆಯಲ್ಲಿ ಮಾತ್ರ ಬಸ್ಸಿನ ಹಾರ್ನನ್ನೂ ಸೀಳಿಕೊಂಡು ತಿರುವಿನವರೆಗೆ ಬಂತು. ಅಲ್ಲಿದ್ದ ಚಹಾದವನು ಕೆಟಲ್ ಹಿಡಿದುಕೊಂಡೇ ತಿರುಗಿ ನೋಡಿದ.

ಮರುದಿನ ಸಂಜೆ ಚಿಖಲಿಯ ಕಾರ್ಯಕ್ರಮಕ್ಕೆ ಅವಳು ಆ ನಾಲ್ಕನೆಯದನ್ನೇ ಕೊಂಡು ರಿಕ್ಷಾದಲ್ಲಿ ತಂದಳು. ಎರಡು ಹಾಡು ಮುಗಿಯುವವರೆಗೆ ಮುರುಗೆಪ್ಪ ಮೈದಾನದ ಕೊನೆಯಲ್ಲಿ ಕೈಕಟ್ಟಿ ನಿಂತಿದ್ದ. ಆಮೇಲೆ ವೇದಿಕೆ ಹತ್ತಿ ಅವಳ ಪೆಟ್ಟಿಗೆಯ ಸದ್ದಿನ ಗುಂಡಿಗೆ ಕೈ ಹಾಕಿದ.

"ಭಾಳ ಆತು. ಕಮ್ಮಿ ಮಾಡು. ಕುಶಲಂದು ಕೇಳವಲ್ದು."

"ಕೈ ತಗೀರಿ ಅಣ್ಣಾ. ಕೊನೀತನಕ ಕೇಳಬೇಕಂದವ್ರು ನೀವ. ಕೇಳ್ತೋ ಇಲ್ಲೋ?"

ಮುರುಗೆಪ್ಪ ಗುಂಡಿಯಿಂದ ಕೈ ತೆಗೆದ.

"ಮತ್ತ, ಒಂದ ಕೈಲೆ ಬಾರಸ್ಲಾಕ ಹೇಳ್ರಿ ಅವಗ. ಬೇಸ್ ನಾ ಬಾರಸ್ತೀನಿ."

ಹಾಡು ತಡವಾಯಿತೆಂದು ಜನ ಸೀಟಿ ಹೊಡೆಯತೊಡಗಿದ್ದರು. ಕುಶಲ ಎಡಗೈಯನ್ನು ನಿಧಾನವಾಗಿ ತೊಡೆಯ ಮೇಲಿಟ್ಟುಕೊಂಡ. ಮುಂದಿನ ಹಾಡಿಗೆ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಕೆ ಕೊಟ್ಟವಳು ಶಿವಕಾಂತಾ.