ಸೊಸೆ ಕಲಿಸಿದ ಸ್ಪ್ರಿಂಗು

ನಮ್ಮ ಮನೆಯಲ್ಲಿ ಮೊದಲು ಏಳುವವಳು ನಾನೇ. ಅಂಗಳ ಗುಡಿಸಿ, ನೀರು ಹೊಡೆದು, ನಾಲ್ಕು ಗೆರೆ ರಂಗೋಲಿ ಎಳೆದು ಚಹಾಕ್ಕೆ ಇಡುವಷ್ಟರಲ್ಲಿ, ಮಹಾರಾಷ್ಟ್ರದ ಗಡಿಯೊಳಗಿನ ನಮ್ಮ ಉಮದಿಯಿಂದ ವಿಜಯಪುರಕ್ಕೆ ಹೋಗುವ ಮೊದಲ ಬಸ್ಸು ಹಾರ್ನ್ ಹೊಡೆಯುತ್ತದೆ. ಅವತ್ತು ಚಹಾ ಸೋಸುತ್ತಿದ್ದಾಗ ಹಿತ್ತಲ ಕಡೆಯಿಂದ ಸೀಮೆಸುಣ್ಣದ ಕಿರಕಿರ ಕೇಳಿತು. ಸೊಸೆ ಆಗಲೇ ತಲೆಯ ಮೇಲೆ ಸೆರಗು ಹೊದ್ದುಕೊಂಡು, ಕರಿ ಬಣ್ಣ ಹಚ್ಚಿದ ಹಿತ್ತಲ ಬಾಗಿಲಿನ ಮೇಲೆ ಬರೆಯುತ್ತಿದ್ದಳು.

ಮಧ್ಯಾಹ್ನ ಜತ್ತದ ಕಡೆ ಒಂದು ಪಾಲಿಟೆಕ್ನಿಕ್ಕಿನಲ್ಲಿ ಅವಳು ಮಾದರಿ ಪಾಠ ಮಾಡಿ ತೋರಿಸಬೇಕಿತ್ತು. ಮೆಚ್ಚಿದರೆ ಕೆಲಸ. ಈ ಮೊದಲು ಬೇರೆ ಎರಡು ಕಡೆ ಹೋಗಿ, 'ವಿಷಯ ಗೊತ್ತು, ಆದರೆ ವರ್ಗ ಹಿಡಿತಕ್ಕೆ ಬರುವುದಿಲ್ಲ' ಅನ್ನಿಸಿಕೊಂಡು ಬಂದಿದ್ದಳು. ಈ ಸಲ ಕೊಟ್ಟ ವಿಷಯ, ಸ್ಪ್ರಿಂಗಿನ ಟ್ರಾನ್ಸ್‌ಫರ್ ಫಂಕ್ಷನ್ ಕಂಡುಹಿಡಿಯುವುದು.

"ಮದಲ ನನಗ ಕಲಿಸು, ನೋಡೂಣು," ಎಂದೆ. ನಾನು ಕಾನ್ವೆಂಟಿನಲ್ಲಿ ಹತ್ತನೆಯವರೆಗೆ ಓದಿದವಳು. ಸಿಸ್ಟರುಗಳ ಭಯಕ್ಕೆ ಇಂದಿಗೂ ಬೆನ್ನು ನೆಟ್ಟಗೆ ಮಾಡಿಯೇ ಕೂಡುತ್ತೇನೆ. ಹಾಗೆಯೇ ಕೂತೆ.

ಅಟ್ಟದಿಂದ ಹಳೆಯ ಜೋಲಿಯ ಸ್ಪ್ರಿಂಗು ಇಳಿಸಿ ತೊಲೆಯ ಕೊಂಡಿಗೆ ಸಿಕ್ಕಿಸಿದಳು. ಐದು ಕಿಲೋ ಜೋಳದ ಚೀಲ ತೂಗುಹಾಕಿದಾಗ ನಾನು ಟೇಪು ಹಿಡಿದೆ. ಒಂದು ಇಂಚು ಹಿಗ್ಗಿತ್ತು. ಇನ್ನೊಂದು ಚೀಲಕ್ಕೆ ಎರಡು ಇಂಚು.

"ಎಷ್ಟು ಜಗ್ಗತೀವಿ ಅಷ್ಟು ಹಿಗ್ಗತೈತ್ರಿ ಅತ್ತಿ. ಜಗ್ಗೂ ಬಲ ಅಂದ್ರ ಸ್ಪ್ರಿಂಗಿನ ಬಿರಸು, ಅದಕ್ಕ ಕೆ ಅನ್ನೂಣು, ಗುಣಿಲೆ ಹಿಗ್ಗು."

ಆಮೇಲೆ ಕಾಲದ ಲೆಕ್ಕವನ್ನು ಎಸ್ ಎಂಬ ಅಕ್ಷರದ ಲೆಕ್ಕಕ್ಕೆ ತಿರುಗಿಸಿದಳು. ಸಮೀಕರಣ ಇದ್ದಂತೆಯೇ ಇತ್ತು. ಒಳಗೆ ಹೋಗುವುದು ಬಲ, ಹೊರಗೆ ಬರುವುದು ಹಿಗ್ಗು. ಹಿಗ್ಗನ್ನು ಬಲದಿಂದ ಭಾಗಿಸಿದರೆ ಮೇಲೆ ಒಂದು, ಕೆಳಗೆ ಕೆ. ಇದೇ ಟ್ರಾನ್ಸ್‌ಫರ್ ಫಂಕ್ಷನ್. ಇಷ್ಟು ಸಣ್ಣದಕ್ಕೆ ಅಷ್ಟು ದೊಡ್ಡ ಹೆಸರೇ ಎಂದು ನನಗೆ ನಗು ಬಂತು.

"ಈಗ ಭಾರ ಎರಡು ಪಟ್ಟ ಮಾಡಿದ್ರ ಈ ಟ್ರಾನ್ಸ್‌ಫರ್ ಫಂಕ್ಷನ್ ಏನಾಗ್ತೈತ್ರಿ?" ಎಂದು ಬಾಗಿಲಿಗೇ ಕೇಳಿದಳು.

ನಾನು ಕೈ ಎತ್ತಿದೆ. "ಇದೂ ಎರಡು ಪಟ್ಟ!"

"ಹೌದ್ರಿ ಅತ್ತಿ," ಎಂದಳು.

ಹಾಲು ಉಕ್ಕೀತೆಂದು ಒಳಗೆ ಹೋಗಿ ಬಂದೆ. ಅಷ್ಟರಲ್ಲಿ ಬಾಗಿಲಿನ ಮೂಲೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ 'ಬದಲಾಗುವುದಿಲ್ಲ' ಎಂದು ಬರೆದಿದ್ದಳು. ನನ್ನನ್ನು ಕಂಡು ಸೆರಗಿನ ತುದಿಯಿಂದ ಒರೆಸತೊಡಗಿದಳು.

"ನಾ ಹೇಳಿದ್ದು ತಪ್ಪೇನು?"

"ಹಂಗೇನಿಲ್ರಿ. ನೀವು ಹೇಳಿದ್ದೂ ಒಂದ ನಮೂನಿ ಖರೇನ ಐತ್ರಿ."

"ಒಂದು ಸ್ಪ್ರಿಂಗಿಗೆ ಎರಡು ಖರೆ ಇರ್ತಾವೇನು?"

"ಇಲ್ರಿ... ಭಾರ ಎರಡು ಪಟ್ಟ ಆದ್ರ ಹಿಗ್ಗೂದೂ ಎರಡು ಪಟ್ಟ. ಭಾಗಿಸಿದ್ರ ಮದಲಿನ ಉತ್ತರನ ಬರ್ತೈತ್ರಿ."

"ಮತ್ತ ತಪ್ಪು ಅನ್ಬೇಕಿಲ್ಲ?"

"ಅತ್ತಿಗೆ ಹೆಂಗ ತಪ್ಪು ಅನ್ನೂದ್ರಿ?"

ವರ್ಗ ಯಾಕೆ ಹಿಡಿತಕ್ಕೆ ಬರುತ್ತಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಆ ಎರಡೂ ಕಡೆ ಹಿಂದಿನ ಬೆಂಚಿನಲ್ಲಿ ಹಿರಿಯರು ಕೂತಿದ್ದರಂತೆ; ಅವರು ತಪ್ಪು ಹೇಳಿದರೂ ಇವಳು 'ಹೌದ್ರಿ' ಅಂದಿರಬೇಕು. 'ನಮ್ಮ ಸೊಸಿಗೆ ಎದುರು ಮಾತೇ ಗೊತ್ತಿಲ್ಲ' ಎಂದು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳಿದವಳು ನಾನೇ ಅಲ್ಲವೇ?

ಅಂದಿನ ರೊಟ್ಟಿ ತಡವಾಯಿತು. ನಾನು ಬೇಕೆಂದೇ ತಪ್ಪು ಹೇಳುತ್ತಾ ಹೋದೆ. ಭಾರ ಹಾಕಿದರೆ ಸ್ಪ್ರಿಂಗು ಗಿಡ್ಡಾಗುತ್ತದೆ ಅಂದೆ, ಬಿರುಸು ಹೆಚ್ಚಿದ್ದರೆ ಹೆಚ್ಚು ಹಿಗ್ಗುತ್ತದೆ ಅಂದೆ. ಮೊದಲು ಪಿಸುಮಾತಿನಲ್ಲಿ 'ತಪ್ಪರಿ' ಅಂದಳು. ಆಮೇಲೆ ದನಿ ಬಂತು. ಕೊನೆಗೆ ಸೆರಗು ಹೆಗಲಿಗೆ ಜಾರಿದ್ದೂ ತಿಳಿಯದೆ, "ಪೂರಾ ತಪ್ಪು! ಕುಂದ್ರಿ!" ಎಂದು ಬಾಗಿಲು ಕುಟ್ಟಿದಳು. ಕೂತೇ ಇದ್ದ ನಾನು ಇನ್ನಷ್ಟು ನೆಟ್ಟಗಾದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಇಳಿಹೊತ್ತಿಗೆ ಮಗನ ಗಾಡಿಯಿಂದ ಇಳಿದವಳು ಚಪ್ಪಲಿ ಬಿಡುವ ಮೊದಲೇ ಮಾತು ಶುರು ಮಾಡಿದಳು.

"ಅತ್ತಿ, ಹಿಂದ ಕುಂತ ಹಿರೇ ಸರ್ ಎದ್ದು ನಿಂತು, ನಿಮ್ಮ ಉತ್ತರದಾಗ ಎಸ್ ಇಲ್ಲ, ಬಿಟ್ಟೀರಿ ಅಂದ್ರು. ನಾ ಚೂಕ್ ಆಹೆ ಸರ್, ತಪ್ಪೈತಿ ಅಂದೆ. ಬರೇ ಸ್ಪ್ರಿಂಗ್ ಇದ್ರ ಎಸ್ ಬರಂಗಿಲ್ಲ, ಅದರ ತುದಿಗೆ ಅಲಗಾಡೂ ವಸ್ತು ಕಟ್ಟಿ ಅದನ್ನೂ ಲೆಕ್ಕಕ್ಕ ಹಿಡದ್ರ ಬರ್ತೈತಿ ಅಂದೆ. ನಕ್ಕು ಕುಂತ್ರು. ಸೋಮಾರದಿಂದ ಬರ್ರಿ ಅಂದಾರ್ರಿ!"

"ಮರಾಠಿಯಾಗ ಅಂದೇನು?"

"ಸಲೀಸಾತ್ರಿ. ಮರಾಠಿಯಾಗ ನನಗ ಅತ್ತಿ ಇಲ್ಲಲ್ರಿ."

ಸಿಹಿಗೆಂದು ಶಿರಾ ಮಾಡಿದೆ. ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ಆಪಾ ಬಂದರು. ಓಣಿಯ ಬ್ಲೌಸುಗಳನ್ನೆಲ್ಲ ಹೊಲಿಯುವವರು ಅವರೇ. ತಾಟು ಕೈಗಿಟ್ಟು, ಅವಳಿಗೆ ಕೆಲಸ ಸಿಕ್ಕ ಕಥೆಯನ್ನೆಲ್ಲ ಹೇಳಿದೆ. ಅವರು ಸಾವಕಾಶ ತಿಂದು, ಬೆರಳಿನ ತುಪ್ಪ ನೆಕ್ಕಿ, ಎದ್ದು ಹೋಗುತ್ತಾ ಅಂದರು:

"ಭಾಳ ಚಲೋ ಆತು. ಸೊಸಿ ಸೋಮಾರದಿಂದ ಮನ್ಯಾಗ ಇರಂಗಿಲ್ಲಂದ್ರ ನಿಮಗೂ ಹೊತ್ತು ಹೋಗಂಗಿಲ್ಲ. ನಮ್ಮ ಕಡೆ ಬರ್ರಿ, ಬ್ಲೌಸಿಗೆ ಹುಕ್ಕ ಹಚ್ಚೂವು ರಗಡ ಬಿದ್ದಾವ."