ಟೇಲ್‌ಎಂಡ್ ಪ್ಯಾರಾ

ನಾನು ಸುದ್ದಿ ಬರೆಯಲು ಕಲಿತದ್ದು ಯಾದಗಿರಿಯ ಒಂದು ಸಣ್ಣ ದಿನಪತ್ರಿಕೆಯಲ್ಲಿ, ಕಾಲುವೆ ಜಗಳಗಳಿಂದ. ನೀರು ಬಿಟ್ಟರೂ ಜಗಳ, ನಿಲ್ಲಿಸಿದರೂ ಜಗಳ. ನಮ್ಮ ಮುದಿ ಸಂಪಾದಕರದು ಒಂದೇ ಹಟ: ಕಾಲುವೆಯ ತುದಿಯಲ್ಲಿ ನೀರಿಗಾಗಿ ಕಾಯುವ ಟೇಲ್‌ಎಂಡ್ ರೈತನ ಮಾತು ವರದಿಯ ಕೊನೆಯ ಪ್ಯಾರಾದಲ್ಲಿ ಇರಲೇಬೇಕು. ಜಾಗ ಸಾಲದಿದ್ದರೆ ನಡುವೆ ಕತ್ತರಿಸುತ್ತಿದ್ದರು, ಕೊನೆಗೆ ಕೈ ಹಚ್ಚುತ್ತಿರಲಿಲ್ಲ.

“ಮ್ಯಾಲಿನಾಂವ ಹೇಳಿದ್ದೆಲ್ಲಾ ಬರದೀ. ಟೇಲ್‌ಎಂಡಿನಾಂವ ಸತ್ತಾನೇನಲೇ?” ಎಂದು ಕಾಗದವನ್ನು ಮುಖಕ್ಕೇ ಎಸೆಯುತ್ತಿದ್ದರು. ವಿದೇಶದ ಸುದ್ದಿಗೂ ಅದೇ ಕಾಯ್ದೆ. ಆ ದೇಶದವರು ಏನಂದರು ಎಂಬುದು ಕೊನೆಯಲ್ಲಿ ಬರಬೇಕು. ನಾವು ಅದನ್ನು ಟೇಲ್‌ಎಂಡ್ ಪ್ಯಾರಾ ಎಂದೇ ಕರೆಯುತ್ತಿದ್ದೆವು.

ಅವರು ತೀರಿಕೊಂಡರು, ಪತ್ರಿಕೆಯೂ ಮುಚ್ಚಿತು. ನಾನು ಶಹಾಪುರದ ಒಂದು ಸುದ್ದಿ ವೆಬ್‌ಸೈಟಿನ ವಿದೇಶ ವಿಭಾಗಕ್ಕೆ ಸೇರಿದೆ. ವಿಭಾಗ ಅಂದರೆ ನಾನೊಬ್ಬನೇ. ಯಾರಿಗೂ ಫೋನ್ ಮಾಡುವಂತಿಲ್ಲ, ಏನನ್ನೂ ಕೇಳುವಂತಿಲ್ಲ. ಬೇರೆಯವರ ಸುದ್ದಿಯನ್ನು ಯಂತ್ರದಿಂದ ಕನ್ನಡ ಮಾಡಿಸಿ, ತಲೆಬರಹಕ್ಕೆ ಖಾರ ಹಚ್ಚಿ ಬಿಡುವುದು. ಓದುಗರ ಸಂಖ್ಯೆ ಗೋಡೆಯ ಪರದೆಯಲ್ಲಿ ಕಾಣುತ್ತಿತ್ತು. ಚೀನಾ, ಅವಮಾನ, ಎರಡೂ ಒಂದೇ ಸಾಲಿನಲ್ಲಿ ಬಂದರೆ ಮುಗಿಯಿತು, ಸಂಖ್ಯೆ ಜಿಗಿಯುತ್ತಿತ್ತು.

ನನ್ನ ಅಕ್ಕನ ಮಗಳು ಆಗ ಚೀನಾದಲ್ಲಿ ಡಾಕ್ಟರಿಕೆ ಓದುತ್ತಿದ್ದಳು. ಒಂದು ದಿನ ಫೋನಿನಲ್ಲಿ ನಗುತ್ತಾ ಹೇಳಿದಳು: ಕ್ಯಾಂಟೀನಿನ ಸಾಲಿನಲ್ಲಿ ಅಲ್ಲಿನ ಹುಡುಗನೊಬ್ಬ ಅವಳನ್ನು ಹಿಂದೆ ತಳ್ಳಿ, ನಿಮ್ಮ ದೇಶದಲ್ಲಿ ಸಾಲಿನಲ್ಲಿ ನಿಲ್ಲುವುದನ್ನು ಕಲಿಸಿಲ್ಲವೇ ಎಂದನಂತೆ.

“ನನ್ನ ಗೆಳತಿ ಅದಾಳಲ್ರಿ ಮಾಮಾ, ನನಗ ಅವರ ಭಾಷಾ ಕಲಸಾಕಿ, ಆಕಿನೂ ಅಲ್ಲೇ ಹುಟ್ಟಿದಾಕಿ. ಅವನ್ನ ಹಿಡದು ಬೈದು ಕ್ಷಮಾ ಕೇಳಸ್ಯಾಳ. ಆಮ್ಯಾಲ ಮೂರೂ ಮಂದಿ ಒಂದೇ ಟೇಬಲ್ಲಿಗೆ ಕೂತು ಉಂಡ್ವಿ!”

ನಾನು ಬರೆದೆ. ಕೊನೆಯ ಪ್ಯಾರಾದಲ್ಲಿ ಆ ಗೆಳತಿಯನ್ನು ಇಟ್ಟೆ. ಓದಿ ಕೇಳಿಸಿದಾಗ ಅಕ್ಕನ ಮಗಳು ಹಿಗ್ಗಿ, ಗೆಳತಿಗೂ ಹೇಳುತ್ತೇನೆ ಎಂದಳು.

ವೆಬ್‌ಸೈಟಿನ ಸಂಪಾದಕ ನನಗಿಂತ ಚಿಕ್ಕವನು, ಮೆದು ಮಾತಿನವನು. “ಸರ್, ಆ ಹುಡುಗ ಕ್ಷಮಾ ಕೇಳಿಬಿಟ್ರ ಓದೋರಿಗೆ ಸಿಟ್ಟು ಎಲ್ಲಿ ಉಳೀತದ್ರಿ? ಕೊನೀದು ತೆಗೀರಿ” ಅಂದ. ತಪ್ಪನ್ನು ಅವನ ಮೇಲೆ ಹಾಕಿ ನಾನು ಕೈ ತೊಳೆದುಕೊಳ್ಳಲಾರೆ. ತೆಗೆದದ್ದು ನನ್ನ ಬೆರಳು. “ಚೀನಾದಲ್ಲಿ ನಮ್ಮ ಮಗಳಿಗೆ ಅವಮಾನ” ಎಂಬ ತಲೆಬರಹವೂ ನನ್ನದೇ. ಸಂಖ್ಯೆ ಏರಿತು. ಥೂ, ನಾನು ಖುಷಿಯಲ್ಲಿ ಆಫೀಸಿನ ಎಲ್ಲರಿಗೂ ಮಿರ್ಚಿ ಭಜಿ ತರಿಸಿದೆ!

ಎರಡನೆಯ ದಿನ ಅದು ಚೀನಾದ ಒಂದು ವೆಬ್‌ಸೈಟಿನಲ್ಲಿತ್ತು. ಅವರೂ ಕಾಲೇಜಿಗೆ ಯಾರನ್ನೂ ಕಳಿಸಿರಲಿಲ್ಲ. ನನ್ನ ಹತ್ತು ಸಾಲನ್ನು ಯಂತ್ರಕ್ಕೆ ಹಾಕಿ, “ನಮ್ಮ ದೇಶಕ್ಕೆ ಕಳಂಕ ಹಚ್ಚಿದ ಭಾರತೀಯರು” ಎಂದು ತಲೆಬರಹ ಕೊಟ್ಟಿದ್ದರು. ಅಲ್ಲಿಯೂ ನನ್ನಂಥವನೇ ಒಬ್ಬ ಗೋಡೆಯ ಸಂಖ್ಯೆ ನೋಡುತ್ತಾ ಕೂತಿದ್ದಾನೆ ಎಂದು ಗೊತ್ತಾಯಿತು. ಕೆಳಗಿನ ಪ್ರತಿಕ್ರಿಯೆಗಳಲ್ಲಿ, ಕ್ಯಾಂಟೀನಿನ ಆ ಜಗಳ ಕಂಡಿದ್ದ ಕಾಲೇಜಿನ ಹುಡುಗರು ಆ ಗೆಳತಿಯ ಫೋಟೊ ಹಾಕಿ, ಪರದೇಶದವಳಿಗೆ ಚಾಡಿ ಹೇಳಿದ ದ್ರೋಹಿ ಎಂದು ಬೈದಿದ್ದರು.

ಅಕ್ಕನ ಮಗಳ ಫೋನ್ ಬಂತು. ಅಳುತ್ತಿರಲಿಲ್ಲ. “ಆಕಿ ನಿಮ್ಮ ಸುದ್ದಿ ತಗದು ನನ್ನ ಮುಂದ ಇಟ್ಟಳ್ರಿ. ನಿನ್ನ ಬಗ್ಗೆ ಕೊನೀಗೆ ಬರದಾರ ಅಂತ ನಾನ ಹೇಳಿದ್ದೆ. ಇಬ್ಬರೂ ಕೂಡಿ ಹುಡುಕಿದ್ವಿ. ಮಾಮಾ, ಆ ಪ್ಯಾರಾ ಎಲ್ಲಿ ಹೋತ್ರಿ?”

“ಈಗ ಹಾಕ್ತೀನಿ, ಯವ್ವಾ.”

“ಈಗ ಯಾರು ಓದ್ತಾರ್ರಿ?”

ಹಾಕಿದೆ. ಯಾರೂ ಓದಲಿಲ್ಲ. ಗೆಳತಿ ಅವಳೊಂದಿಗೆ ಮಾತು ಬಿಟ್ಟಳು.

ರಜೆಗೆ ಅಕ್ಕನ ಮಗಳು ಊರಿಗೆ ಬಂದಾಗ ಅಕ್ಕನ ಮನೆಗೆ ಹೋದೆ. ಅಡುಗೆಮನೆಯಲ್ಲಿ ಅವಳು ತಾಯಿಗೆ ಆ ಗೆಳತಿಯ ವಿಷಯವೇ ಹೇಳುತ್ತಿದ್ದಳು. ನನ್ನನ್ನು ಕಂಡು ನಿಲ್ಲಿಸಿದಳು. “ಬರ್ರಿ ಮಾಮಾ, ಉಣ್ಣಾಕ ಕೂಡ್ರಿ” ಎಂದು ತಟ್ಟೆ ಇಟ್ಟಳು, ರೊಟ್ಟಿ ಹಾಕಿದಳು.

“ಆಕಿ ಮತ್ತ ಮಾತಾಡಿದ್ಲೇನವ್ವಾ?” ಎಂದೆ.

ಅವಳು ನನ್ನ ಅಂಗಿಯ ಜೇಬು ನೋಡಿದಳು. “ಫೋನ್ ಹೊರಗಿಟ್ಟು ಬರ್ರಿ.”

ಎದ್ದು ಹೋಗಿ ಕಟ್ಟೆಯ ಮೇಲೆ ಇಟ್ಟು ಬಂದೆ. ಅಷ್ಟರಲ್ಲಿ ತಾಯಿ ಮಗಳು ಮಾತು ಬದಲಿಸಿ, ಕಾಲುವೆಗೆ ಈ ಸಲ ನೀರು ಯಾವಾಗ ಬಿಡುತ್ತಾರೆ ಎಂದು ಮಾತಾಡುತ್ತಿದ್ದರು.